ಕೂತು ಉಣ್ಣದ ಐತಣ್ಣ

ಸಾಂತಾಕ್ರೂಜಿನ ನಮ್ಮ ಕನ್ನಡ ಸಂಘದಲ್ಲಿ ಶನಿವಾರ ಮಧ್ಯಾಹ್ನ ಊಟ ಹಾಕುತ್ತೇವೆ. ಒಬ್ಬ ಅಜ್ಜನಿಗೋ ಅಜ್ಜಿಗೋ ಒಂದು ಮಗು ಜೋಡಿ. ಇಬ್ಬರೂ ಅಕ್ಕಪಕ್ಕ ಕೂತು ಉಣ್ಣಬೇಕು, ತೋಚಿದ್ದು ಮಾತಾಡಬೇಕು. ಇದಕ್ಕೂ ಭಾಷಣ, ಬ್ಯಾನರ್ ಬೇಕೆಂದು ಬಂದವರನ್ನು, ಇದನ್ನು ಶುರು ಮಾಡಿದ ವಿಜಯಪುರದ ರಂಜನಾ ಬಾಗಿಲಲ್ಲೇ ತಡೆದಳು. ಒಳ್ಳೆಯದೇ ಮಾಡಿದಳು. ಮೊಣಕಾಲು ನೋವಿನ ಪುರಾಣ ಬಿಟ್ಟು ಬೇರೆ ಮಾತಿಲ್ಲದ ಸೋಮವ್ವ ಈಗ ತನ್ನ ಪಾಲಿನ ಹುಡುಗಿಗೆ ಒಗಟು ಹೇಳುತ್ತಾಳೆ.

ಐತಣ್ಣ ಉಡುಪಿ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದವನು. ಅಂಧೇರಿಯ ಹೋಟೆಲಿನಲ್ಲಿ ಮೊದಲು ಮೇಜು ಒರೆಸಿದ, ಆಮೇಲೆ ಬಡಿಸಿದ. ಮದುವೆ ಯಾಕಾಗಲಿಲ್ಲ ಎಂದರೆ ರಜೆ ಸಿಗಲಿಲ್ಲ ಎನ್ನುತ್ತಾನೆ, ನಗುವುದೂ ಇಲ್ಲ. ಕೆಲಸದವರ ಊಟ ಗಿರಾಕಿಗಳೆಲ್ಲ ಎದ್ದ ಮೇಲೆ, ಅಡುಗೆಮನೆಯ ಹಿಂಬಾಗಿಲಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ನಿಂತೇ ಆಗುತ್ತಿತ್ತು. ಹೋಟೆಲ್ ಮುಚ್ಚಿತು, ಐತಣ್ಣ ಚಾಳಿನ ಒಂದೇ ಕೋಣೆಯ ಖೋಲಿ ಸೇರಿದ. ದಿನವಿಡೀ ಹತ್ತು ಮೇಜಿನಿಂದ ಕರೆಸಿಕೊಳ್ಳುತ್ತಿದ್ದವನನ್ನು ಈಗ ಹೆಸರು ಹಿಡಿದು ಕರೆಯುವವರಿಲ್ಲ. ಸುತ್ತಿ ಬಳಸಿ ಹೇಳುವುದೇಕೆ, ಒಂಟಿತನ ಅವನನ್ನು ತಿನ್ನುತ್ತಿತ್ತು. ಸಂಘಕ್ಕೆ ಬಂದದ್ದೂ ಅದಕ್ಕೇ.

ಅವನ ಪಾಲಿಗೆ ಬಂದವಳು ವಿಜೇತಾ, ಎಂಟು ವರ್ಷದವಳು, ತಾಯಿಗೆ ಏರ್‌ಪೋರ್ಟಿನಲ್ಲಿ ಕೆಲಸ. ಆದರೆ ಎಲೆ ಹಾಕುವುದೇ ತಡ, ಐತಣ್ಣ ಸಾರಿನ ಬಕೆಟ್ ಹಿಡಿದು ಸಾಲಿನಲ್ಲಿ ಹೊರಟುಬಿಡುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಐತಣ್ಣನದು ಹುಟ್ಟುಗುಣವೂ ಅಲ್ಲ, ಹೋಟೆಲಿನ ಗುಣ. ಹುಡುಗಿ ಖಾಲಿ ಎಲೆಯ ಪಕ್ಕ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಎರಡು ಶನಿವಾರ ನೋಡಿ ರಂಜನಾ ಅವನನ್ನು ಬದಿಗೆ ಕರೆದಳು.

"ಐತಣ್ಣಾರ, ಬಡಸಾಕ ನಾವ ಅದೀವಿ. ನೀವು ಕುಂಡ್ರಲಿಲ್ಲಂದ್ರ ಹುಡುಗಿನ್ನ ಬ್ಯಾರೆ ಅಜ್ಜನ ಜೋಡಿ ಕೂಡಸಬೇಕಾಗ್ತದ."

ಐತಣ್ಣನ ಮುಖ ಸಣ್ಣದಾಯಿತು. ಆ ಹುಡುಗಿ ಅವನಿಗೆ ಬೇಕಿತ್ತು. ವಾರದಲ್ಲಿ ಅವನನ್ನು ಅಜ್ಜ ಎನ್ನುವವಳು ಅವಳೊಬ್ಬಳೇ.

ಮುಂದಿನ ಶನಿವಾರ ಕೂತ. ಕೂತನೆಂದರೆ ನೆಲಕ್ಕೆ ತಾಗಿದ, ಅಷ್ಟೇ. ಎದುರು ಸಾಲಿನಲ್ಲಿ ಯಾರದೋ ಎಲೆಯಲ್ಲಿ ಅನ್ನ ಮುಗಿದದ್ದು ಕಂಡಿತು, ಅರ್ಧ ಎದ್ದ. ಆಗ ನೋಡಿದ, ವಿಜೇತಾ ಎಲೆ ಮುಟ್ಟಿರಲೇ ಇಲ್ಲ. ಅನ್ನ ಆರಿತ್ತು. ಯಾಕೆ ಮಗಾ ಎಂದು ಕೇಳಿದ.

"ನೀವು ಬೈಠೋ, ಅಜ್ಜ. ಆಮೇಲೆ ನಾನು ಊಟ ಮಾಡ್ತೇನೆ."

ಐತಣ್ಣ ಕೂತ. ಈ ಸಲ ಚಕ್ಕಳಮಕ್ಕಳ ಹಾಕಿ ಕೂತ. ಇಬ್ಬರೂ ಉಂಡರು. ಮಾತೆಲ್ಲ ಅವಳದೇ. ಪಾಯಸ ಹೀರುತ್ತಾ, ನಿಮಗೆ ಎಲ್ಲಕ್ಕಿಂತ ಯಾವ ತಿಂಡಿ ಪಸಂದ್ ಎಂದು ಕೇಳಿದಳು. ಐತಣ್ಣನೋ ಜನ್ಮವಿಡೀ ಬೇರೆಯವರಿಗೆ ಏನು ಬೇಕೆಂದು ಕೇಳಿದವನು.

"ಗೊತ್ತಿಲ್ಲ ಮಗಾ. ನನ್ನನ್ನು ಯಾರೂ ಕೇಳ್ಲಿಲ್ಲ."

ಹುಡುಗಿ ಅವನನ್ನು ಬಿಡಲಿಲ್ಲ. ಮುಂದಿನ ಶನಿವಾರ ಪುನಃ ಕೇಳುತ್ತೇನೆ, ಯೋಚಿಸಿಕೊಂಡು ಬನ್ನಿ ಎಂದು ಕೈ ತೊಳೆಯಲು ಓಡಿದಳು.

ಗುರುವಾರ ರಂಜನಾಳಿಗೆ ಫೋನ್ ಬಂತು. ಐತಣ್ಣ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಉತ್ತರ ಸಿಕ್ಕಲಿಲ್ಲ ಅಕ್ಕಾ. ಆದ್ರೂ ಶನಿವಾರ ಬರ್ಬಹುದಾ?"