ಆರೋಯ್ತು ಅಕ್ಕಿ

ಕಳೆದ ದೀಪಾವಳಿ ಮುಗಿದ ವಾರ, ಪಿರಿಯಾಪಟ್ಟಣದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕಜ್ಜಾಯ ತಿನ್ನುತ್ತ ಕೂತಿದ್ದ ನಾನು ಬಾಯಲ್ಲಿದ್ದದ್ದನ್ನು ನುಂಗುವುದನ್ನೂ ಮರೆತು ಎದ್ದು ನಿಂತುಬಿಟ್ಟೆ. ಕಜ್ಜಾಯ ತಂದಿದ್ದು ವಿಜ್ಞಾನದ ಮೇಡಂ ನಂದಿತಾ, ಎಚ್.ಡಿ. ಕೋಟೆ ಕಡೆಯ ಅಂತರಸಂತೆಯವರು. ಡಬ್ಬಿ ಹಿಡಿದು ಎಲ್ಲರ ಕೈಗೂ ಒಂದೊಂದು ಹಾಕುತ್ತ ತಮ್ಮ ಪಾಡಿಗೆ ತಾವು ಗುನುಗುತ್ತಿದ್ದರು:

ಆರೋಯ್ತು ಅಕ್ಕಿ, ನನ್ನ
ಒಸಿಲು ದಾಟಿ ಒರಗೆ...

ಇದು ಎಲ್ಲಿಯ ಹಾಡು ಅಂತ ಕೇಳಿದೆ. ಅವರು ಸಲೀಸಾಗಿ ಹೇಳಿದರು: ಅದು ನಮ್ಮೂರಿನ ಹಳೇ ಜನಪದ ಗೀತೆ ಸಾರ್, ಕಜ್ಜಾಯಕ್ಕೆ ನೆನೆಸಿದ ಅಕ್ಕಿ ಆರಹಾಕುವಾಗ ಹೆಂಗಸರೆಲ್ಲ ಹೇಳುತ್ತಾರೆ, ನಮ್ಮಜ್ಜಿ ಪುಟ್ಟಮಾದಮ್ಮನಿಗೆ ಅವರ ತಾಯಿಯಿಂದ ಬಂದದ್ದಂತೆ. ಕಜ್ಜಾಯ ಮಾಡುವವರಿಗೆ ಗೊತ್ತಿರುತ್ತದೆ, ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವಿದಾಗ ಕೊಂಚ ಪಸೆ ಇರುವಾಗಲೇ ಹಿಟ್ಟು ಮಾಡಿಸಬೇಕು. ಪೂರ್ತಿ ಆರಿಹೋದರೆ ಎಣ್ಣೆಗೆ ಬಿಟ್ಟ ಕಜ್ಜಾಯ ಪುಡಿಪುಡಿ. ಆ ಸಂಕಟದ ಹಾಡು ಅದು ಅನ್ನುವುದು ನಂದಿತಾ ಅವರ ವಿವರಣೆ.

ಆ ಹಾಡು ಬರೆದವನು ನಾನು, 1999ರಲ್ಲಿ. ಅದರಲ್ಲಿ ಅಕ್ಕಿಯ ಮಾತೇ ಇರಲಿಲ್ಲ.

ಮನೆಗೆ ಹೋದವನೇ ಸಜ್ಜೆಯ ಮೇಲಿದ್ದ ರಟ್ಟಿನ ಪೆಟ್ಟಿಗೆ ಇಳಿಸಿದೆ. ಹೆಂಡತಿ ಸುಧಾ ಇವರಿಗೇನು ಬಂತು ಅನ್ನುವಂತೆ ನೋಡಿದಳು. ಪೆಟ್ಟಿಗೆಯ ತುಂಬ ಕ್ಯಾಸೆಟ್ಟುಗಳು. ಆಗ ಟಿವಿಯಲ್ಲಿ ಹಿಂದಿ ಪಾಪ್ ಹಾಡುಗಳ ಸುಗ್ಗಿ. ಸಿನಿಮಾ ಬೇಡ, ಹೀರೋ ಬೇಡ, ಮೂರು ಜನ ಸೇರಿ ತಮ್ಮದೇ ಹಾಡು ಕಟ್ಟಿ ಕ್ಯಾಸೆಟ್ ತರಬಹುದು ಅನ್ನುವುದೇ ಹುಣಸೂರಿನ ಕಾಲೇಜಿನಲ್ಲಿ ಓದುತ್ತಿದ್ದ ನಮಗೆ ಹುಚ್ಚು ಹಿಡಿಸಿತ್ತು. ಟೇಪ್ ರೆಕಾರ್ಡರಿನ ಧೂಳು ಒರೆಸಿ ಒಂದೊಂದನ್ನೇ ಹಾಕುತ್ತ ಹೋದೆ. ಒಂದು ಹಾಡಿಗೆ ಹಾಸ್ಟೆಲ್ಲಿನ ಉಪ್ಪಿಟ್ಟಿನ ವಾಸನೆ ಬಂತು. ಇನ್ನೊಂದಕ್ಕೆ, ಫೇಲಾದ ದಿನ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನಿಂತು ನಕ್ಕಿದ್ದು ನೆನಪಾಯಿತು. ಅಳಬೇಕಾಗಿತ್ತು, ಆದರೆ ಪಕ್ಕದ ಟೀ ಅಂಗಡಿಯಲ್ಲಿ ಆ ಹಾಡು ಬರುತ್ತಿತ್ತಲ್ಲ, ಏನು ಮಾಡುವುದು. ನಲವತ್ತೆಂಟು ವಯಸ್ಸಿನ ಕನ್ನಡ ಮೇಷ್ಟ್ರು ನಡುಮನೆಯಲ್ಲಿ ಕುಣಿಯುವುದೊಂದು ಬಾಕಿ. ಸುಳ್ಳೇಕೆ, ಸ್ವಲ್ಪ ಕುಣಿದೆ.

ಪೆಟ್ಟಿಗೆಯ ತಳದಲ್ಲಿ ನಮ್ಮದು ಸಿಕ್ಕಿತು. 'ಹಾರಿಹೋಯ್ತು' ಅಂತ ಹೆಸರು. ಹೊದಿಕೆಯ ಮೇಲೆ ಮೂವರ ಫೋಟೋ: ಕೀಬೋರ್ಡ್ ನುಡಿಸಿ ಸಾಹಿತ್ಯ ಬರೆದ ಈ ನಟರಾಜು, ಗಿಟಾರಿನ ಚೆಲುವರಾಜು, ಮಧ್ಯದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ವಾಣಿಶ್ರೀ. ಹಿಂದೆ ಚೆಲುವರಾಜುವಿನ ಮನೆಯವರ ಬ್ಯಾರನ್.

ಬ್ಯಾರನ್ ಅಂದರೆ ಹೊಗೆಸೊಪ್ಪು ಹದ ಮಾಡುವ, ಕಿಟಕಿಯಿಲ್ಲದ ಎತ್ತರದ ಮನೆ. ಅವನ ಊರು ಬೆಟ್ಟದಪುರದಲ್ಲಿ ಸೊಪ್ಪಿನ ಕಾಲ ಮುಗಿದ ಮೇಲೆ ಅದು ಖಾಲಿ. ಒಳಗೆ ನಿಂತು ಕೆಮ್ಮಿದರೂ ನಾಲ್ಕು ಸಲ ಕೇಳಿಸುತ್ತಿತ್ತು. ನಮ್ಮ ಅಭ್ಯಾಸವೆಲ್ಲ ಅಲ್ಲೇ. ವಾಣಿಶ್ರೀ ಪಕ್ಕದ ಹೊಲದ ಚಿಕ್ಕಣ್ಣನವರ ಮಗಳು, ನಮ್ಮದೇ ಕಾಲೇಜು. ರಜೆಯಲ್ಲಿ ಕಡ್ಡಿಗೆ ಸೊಪ್ಪು ಕಟ್ಟುತ್ತ ರೇಡಿಯೋ ಜೊತೆ ಹಾಡುತ್ತಿದ್ದಳು. ಮೊದಲ ಸಲ ಕೇಳಿದಾಗ ನಾನು ಮತ್ತು ಚೆಲುವರಾಜು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರೇಡಿಯೋ ಆರಿಸಿದರೂ ಅವಳು ನಿಲ್ಲಿಸಲಿಲ್ಲ. ನಮಗೆ ಬೇಕಾಗಿದ್ದ ದನಿ ಸೊಪ್ಪಿನ ರಾಶಿಯ ಮಧ್ಯೆ ಕೂತಿತ್ತು.

ತೊಂದರೆ ಒಂದೇ. ನಮ್ಮ ಸೀಮೆಯ ಎಲ್ಲರ ಹಾಗೆ ಅವಳ ನಾಲಿಗೆಗೂ ಹಕಾರ ಹತ್ತುತ್ತಿರಲಿಲ್ಲ. ನಾನೋ, ಆಗಲೇ ಅರ್ಧ ಪಂಡಿತ. ಬೇಕೆಂದೇ ಹಕಾರ ಪೋಣಿಸಿ ಬರೆದಿದ್ದೆ: 'ಹಾರಿಹೋಯ್ತು ಹಕ್ಕಿ, ನನ್ನ ಹೊಸಿಲು ದಾಟಿ ಹೊರಗೆ.' ಮೈಸೂರಿನ ಸ್ಟುಡಿಯೋದಲ್ಲಿ ಕೊಟ್ಟ ಸಮಯವೆಲ್ಲ ಅವಳಿಗೆ ಹ, ಹಾ, ಹಿ ಹೇಳಿಸುವುದರಲ್ಲೇ ಕಳೆದೆ. ಕೊನೆಗೆ ಹೊತ್ತು ಮೀರಿತು. ಅವಳು ನನ್ನ ಕಡೆ ಬೆನ್ನು ಮಾಡಿ ನಿಂತು ಕಣ್ಣು ಮುಚ್ಚಿ ಒಂದೇ ಉಸಿರಿಗೆ ತನ್ನ ಬಾಯಿಗೆ ಬಂದ ಹಾಗೆ ಹಾಡಿಬಿಟ್ಟಳು. ಕ್ಯಾಸೆಟ್ಟಿನಲ್ಲಿರುವುದು ಅದೇ.

ಬಿಡುಗಡೆ ಕಾಲೇಜಿನ ಸಭಾಂಗಣದಲ್ಲಿ. ಅವಳು ಎರಡು ಸಾಲು ಹಾಡುವಷ್ಟರಲ್ಲಿ ಹಿಂದಿನ ಬೆಂಚಿನಿಂದ 'ಅಕ್ಕಿ ಎಷ್ಟು ಕೆ.ಜಿ. ಬೇಕಮ್ಮಾ' ಅಂತ ಕೂಗು ಬಂತು. ಸಭೆಯೇ ನಕ್ಕಿತು. ನಾನು ಏನು ಮಾಡಬೇಕಿತ್ತು? ಅವಳ ಪಕ್ಕ ನಿಲ್ಲಬೇಕಿತ್ತು. ನಾನು ಮೈಕ್ ಎತ್ತಿಕೊಂಡು, ನಾನು ಬರೆದದ್ದು ಹಕ್ಕಿ, ತಪ್ಪು ನನ್ನದಲ್ಲ ಅಂದೆ. ನಗು ಜೋರಾಯಿತು. ವಾಣಿಶ್ರೀ ಮೆಟ್ಟಿಲಿಳಿದು ಹೊರಟುಹೋದಳು. ಆಮೇಲೆ ಅವಳು ಹಾಡಿದ್ದನ್ನು ಕೇಳಿದವರಿಲ್ಲ. ಈಗ ಟೇಪಿನಲ್ಲಿ ಅದೇ ಹಾಡು ಬಂದಾಗ ಮೊದಲು ಮೈ ಜುಮ್ಮೆಂದಿತು, ಎಂಥ ದನಿ, ಎಂಥ ದನಿ ಅಂತ ಗೋಡೆಗೆ ಹೇಳಿಕೊಂಡೆ. ಮರುಗಳಿಗೆಯಲ್ಲೇ ನಾಚಿಕೆಯಿಂದ ತಲೆ ತಗ್ಗಿಸಿದೆ.

ಅವಳನ್ನು ಮತ್ತೆ ಹಾಡಿಸಬೇಕು. ಆ ಕ್ಷಣದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ವಾಣಿಶ್ರೀ ಮದುವೆಯಾಗಿ ಕೆ.ಆರ್. ನಗರ ಸೇರಿದ್ದಳು. ಗಂಡ ಸೋಮಶೇಖರ್ ಕಬ್ಬಿನ ಲಾರಿ ಓಡಿಸುತ್ತಾರೆ. ಇವಳದು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಲೇಡೀಸ್ ಟೈಲರ್ ಅಂಗಡಿ. ಒಮ್ಮೆ ಅಳತೆ ತೆಗೆದರೆ ಬರೆದುಕೊಳ್ಳುವುದಿಲ್ಲ, ಆ ಹೆಂಗಸು ಎರಡು ವರ್ಷ ಬಿಟ್ಟು ಬಂದರೂ ತೋಳು ಎಷ್ಟು, ಕತ್ತು ಎಷ್ಟು ಅಂತ ಹೇಳುತ್ತಾಳೆ. ಮದುವೆಯ ಹಿಂದಿನ ದಿನ ಬ್ಲೌಸ್ ಬಿಗಿಯಾಯಿತೆಂದು ಅಳುತ್ತ ಬಂದ ಮದುಮಗಳನ್ನು ನಗಿಸಿ ಕಳಿಸುವ ಕೈ ಅದು. ಅಲ್ಲೊಮ್ಮೆ ಇಲ್ಲೊಮ್ಮೆ ಮದುವೆಮನೆಗಳಲ್ಲಿ ಸಿಕ್ಕಿದ್ದಳು. ನಾವು ಊಟ ಆಯ್ತಾ ಅನ್ನುವಷ್ಟೇ ಮಾತಾಡಿದ್ದೆವು.

ಮಾರನೆಯ ದಿನ ಅಂಗಡಿಯಲ್ಲಿ ಅರ್ಧ ಗಂಟೆ ಕಾದೆ, ಗಿರಾಕಿಗಳಿದ್ದರು. ಕಾಯುತ್ತ ಅವಳ ಮಾತು ಕೇಳಿಸಿಕೊಂಡೆ. ಹಸಿರು ದಾರಕ್ಕೆ ಗ್ರೀನು ಅಂದಳು, ಹಳದಿಗೆ ಯೆಲ್ಲೋ. ಎದುರಂಗಡಿಗೆ ಫೋನ್ ಮಾಡಿ ಒಂದು ಪ್ಯಾಕೆಟ್ ನಂದಿನಿ, ಒಂದು ಮೊಳ ಮಲ್ಲಿಗೆ ಕಳಿಸಿ ಅಂದಳು. ಈ ಕಾಲದವರೆಲ್ಲ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಒಬ್ಬಾಕೆಗೆ, ಬ್ಲೌಸಿಗೆ ಕೊಂಡಿ ಮುಂದೆ ಇಡಲೋ ಬೆನ್ನಿಗೆ ಇಡಲೋ ಅಂತ ಕೇಳಿದಳು. ಯಾವ ಟೈಲರ್ ಹುಕ್ಕಿಗೆ ಕೊಂಡಿ ಅನ್ನುತ್ತಾರೆ?

ಆಗ ಹೊಳೆಯಿತು. ಹಸಿರು, ಹಳದಿ, ಹಾಲು, ಹೂವು, ಹಿಂದೆ, ಹುಕ್ಕು. ಇಪ್ಪತ್ತೈದು ವರ್ಷದಿಂದ ಇವಳು ಹಕಾರವಿರುವ ಒಂದೊಂದು ಮಾತನ್ನೂ ತಪ್ಪಿಸಿಕೊಂಡು ನಡೆಯುತ್ತಿದ್ದಾಳೆ, ನಾಯಿ ಕಟ್ಟಿದ ಬೀದಿ ಬಿಟ್ಟು ಸುತ್ತಿ ಹೋಗುವವರ ಹಾಗೆ. ಆ ನಾಯಿಯನ್ನು ಕಟ್ಟಿದವನು ನಾನು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಕೂತಿದ್ದ ಸ್ಟೂಲು ಅಲ್ಲಾಡಿತು.

ಗಿರಾಕಿಗಳು ಹೋದ ಮೇಲೆ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟೆ. ಅವಳು ಮುಟ್ಟಲಿಲ್ಲ.

"ಆ ಪದ ಎತ್ತಬ್ಯಾಡ ಕಣ ನಟರಾಜು. ಎತ್ತುದ್ರೆ ಅಂಗಡಿಯಿಂದ ಆಚೆಗೆ ನಡಿ."

ಎತ್ತಲಿಲ್ಲ. ಬಂದ ಕೆಲಸ ಬೇರೆ ಅಂದೆ. ಅಂತರಸಂತೆಯ ಮಹಿಳಾ ಸಂಘದವರಿಗೆ ಒಂದೇ ಬಣ್ಣದ ಬ್ಲೌಸುಗಳು ಬೇಕಾಗಿದ್ದು ನಿಜವೇ, ಹಿಂದಿನ ಸಂಜೆ ಫೋನಿನಲ್ಲಿ ನಂದಿತಾ ಹೇಳಿದ್ದರು. ವಯಸ್ಸಾದವರಿದ್ದಾರೆ, ಅಲ್ಲಿಗೇ ಹೋಗಿ ಅಳತೆ ತೆಗೆಯಬೇಕು ಅಂದೆ. ಅವಳು, ಭಾನುವಾರ ಬರುತ್ತೇನೆ ಅಂದಳು.

ಭಾನುವಾರ ಚೆಲುವರಾಜು ತನ್ನ ವ್ಯಾನ್ ತಂದ. ಅವನು ಈಗಲೂ ಹೊಗೆಸೊಪ್ಪು ಬೆಳೆಯುತ್ತಾನೆ, ಈಗಲೂ ಖಾಲಿ ಬ್ಯಾರನ್ನಿನಲ್ಲಿ ಒಬ್ಬನೇ ಗಿಟಾರ್ ನುಡಿಸುತ್ತಾನೆ, ಈಗಲೂ ಮಾತು ಕಮ್ಮಿ. ಹುಣಸೂರು ದಾಟಿ ಎಚ್.ಡಿ. ಕೋಟೆಯವರೆಗೆ ಬೆಳೆ, ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಕೋಟೆ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಲ್ಲಿನ ಹೆಂಗಸರು ಅವಳ ಹಾಡು ಹಾಡುತ್ತಾರೆ, ಅಕ್ಕಿ ಅಂತಲೇ ಹಾಡುತ್ತಾರೆ, ಎಲ್ಲ ಹೇಳಿಬಿಟ್ಟೆ. ಚೆಲುವರಾಜು ಗೇರ್ ಬದಲಿಸುತ್ತ, ಮಾರದೆ ಉಳಿದ ಕ್ಯಾಸೆಟ್ಟುಗಳನ್ನು ಆಗ ಅಂತರಸಂತೆ ಬಸ್ಸಿನ ಡ್ರೈವರಿಗೆ ತಾನೇ ಕೊಟ್ಟಿದ್ದೆ, ಅವನು ವರ್ಷಗಟ್ಟಲೆ ಹಾಕುತ್ತಿದ್ದ ಅಂದ. ಇದನ್ನು ಹೇಳಲು ಇವನಿಗೆ ಇಪ್ಪತ್ತೈದು ವರ್ಷ ಬೇಕಾಯಿತು.

ವಾಣಿಶ್ರೀ ವ್ಯಾನ್ ನಿಲ್ಲಿಸಲು ಹೇಳಿದಳು. ಇಳಿದು ರಸ್ತೆಯಂಚಿನಲ್ಲಿ ನಮಗೆ ಬೆನ್ನು ಮಾಡಿ ನಿಂತಳು. ನಾನೂ ಇಳಿದೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಅವಳು ತಿರುಗದೆಯೇ ಕೇಳಿದಳು.

"ಅವ್ರೂ ನಗ್ತಾರಾ?"

ಇಲ್ಲ ಅನ್ನಬಹುದಿತ್ತು. ಆದರೆ ನಾನು ನೋಡಿರಲಿಲ್ಲವಲ್ಲ. ಗೊತ್ತಿಲ್ಲ ವಾಣಿ ಅಂದೆ. ಅವಳು ಚೀಲದಿಂದ ಅಳತೆಯ ಟೇಪು ತೆಗೆದು ಕುತ್ತಿಗೆಗೆ ಹಾಕಿಕೊಂಡಳು.

"ಮಾತು ಕೊಟ್ಟಿವ್ನಿ, ಅಳತೆ ತಗೊಂಡು ಬತ್ತೀನಿ. ಅಷ್ಟೇಯ."

ಪುಟ್ಟಮಾದಮ್ಮನವರ ಮನೆಯಂಗಳದಲ್ಲಿ ಎಂಟು ಹತ್ತು ಹೆಂಗಸರಿದ್ದರು. ನಂದಿತಾ ಅವರ ಚಿಕ್ಕಪ್ಪನ ಮಗಳ ಮದುವೆಗೆ ಕಜ್ಜಾಯದ ತಯಾರಿ. ಬಿಳಿ ಪಂಚೆಗಳ ಮೇಲೆ ನೆನೆಸಿದ ಅಕ್ಕಿ ಹರವಿತ್ತು. ಒಬ್ಬಾಕೆ ಬೆರಳಲ್ಲಿ ಉಜ್ಜಿ ಪಸೆ ನೋಡುತ್ತಿದ್ದಳು. ವಾಣಿಶ್ರೀ ಯಾರೆಂದು ಅಲ್ಲಿ ಯಾರಿಗೂ ತಿಳಿಯದು, ನಂದಿತಾ ಅವರಿಗೂ ನಾನು ಹೇಳಿರಲಿಲ್ಲ. ಅವಳು ಮೊದಲು ಪುಟ್ಟಮಾದಮ್ಮನವರ ಅಳತೆಗೆ ನಿಂತಳು. ತೋಳಿಗೆ ಟೇಪು ಸುತ್ತುವಾಗ ಅಕ್ಕಿಯ ಹತ್ತಿರ ಕೂತವರು ಶುರುಮಾಡಿದರು.

ಆರೋಯ್ತು ಅಕ್ಕಿ, ನನ್ನ
ಒಸಿಲು ದಾಟಿ ಒರಗೆ,
ಪಾಕ ತಿರುವು ಬ್ಯಾಗ, ಅಕ್ಕ,
ಬೆಲ್ಲ ಕುದೀತದೆ ಒಳಗೆ.

ಪಾಕ, ಬೆಲ್ಲ ನನ್ನದಲ್ಲ. ರಾಗ ನಮ್ಮದೇ, ಬ್ಯಾರನ್ನಿನಲ್ಲಿ ಕಟ್ಟಿದ್ದು. ಚೆಲುವರಾಜು ನನ್ನ ಭುಜ ಹಿಡಿದುಕೊಂಡ. ಒಬ್ಬರೂ ನಗುತ್ತಿರಲಿಲ್ಲ, ಕೈ ಅಕ್ಕಿಯಲ್ಲಿತ್ತು, ಕಣ್ಣು ಅಕ್ಕಿಯ ಮೇಲಿತ್ತು. ವಾಣಿಶ್ರೀಯ ಕೈಯಲ್ಲಿ ಟೇಪು ನಿಂತುಹೋಗಿತ್ತು. ಅವರು ಎರಡನೆಯ ಸಲ ಎತ್ತಿಕೊಂಡಾಗ ಇವಳ ತುಟಿ ಅಲುಗಿತು. ಮೂರನೆಯ ಸಲಕ್ಕೆ ದನಿ ಬಂತು. ಕೊಂಚ ದಪ್ಪವಾಗಿದೆ, ಆದರೆ ಅದೇ ದನಿ. ಒಬ್ಬೊಬ್ಬರೇ ಹಾಡು ನಿಲ್ಲಿಸಿ ಇವಳತ್ತ ನೋಡಿದರು.

ಅವಳು ಹಾಡಿದ್ದು ಹೀಗೆ: 'ಹಾರಿಹೋಯ್ತು ಹಕ್ಕಿ, ನನ್ನ ಹೊಸಿಲು ದಾಟಿ ಹೊರಗೆ.'

ಒಂದೊಂದು ಹಕಾರವೂ ಸ್ವಚ್ಛ. ನನ್ನ ಶಾಲೆಯಲ್ಲಿ ಯಾವ ಮಗುವೂ ಅಷ್ಟು ಚೆನ್ನಾಗಿ ಹೇಳಿಲ್ಲ. ಒಬ್ಬಳೇ ಕೂತು ಎಷ್ಟು ಸಲ ಹೇಳಿಕೊಂಡಿರಬೇಕು, ಯಾರೂ ಕೇಳದ ಹಾಡಿಗಾಗಿ. ನನಗೆ ಅಳು ಬಂತು.

ಪುಟ್ಟಮಾದಮ್ಮನವರು ಅಳತೆಗೆ ಚಾಚಿದ ತೋಳನ್ನು ಹಾಗೇ ಹಿಡಿದುಕೊಂಡು ಕೇಳಿದರು, ಮುಗಿದ ಮೇಲೆ ತಲೆಯಾಡಿಸಿದರು.

"ಗಂಟ್ಲು ಚೆನ್ನಾಗದೆ ಕಣವ್ವ. ಆದ್ರೆ ಪದ ತಪ್ಪು ಏಳ್ತಿದ್ದೀಯ. ಅದು ಆಕಾಸದಾಗೆ ಓಡಾಡೋದಲ್ಲ, ಉಣ್ಣೋ ಅಕ್ಕಿ. ಯಾರು ಏಳ್ಕೊಟ್ರು ನಿಂಗೆ ಇಂಗೆ?"

ಅಂಗಳವೆಲ್ಲ ವಾಣಿಶ್ರೀಯನ್ನೇ ನೋಡುತ್ತಿತ್ತು. ಅವಳ ಕಣ್ಣು ನನ್ನ ಕಡೆ ತಿರುಗಿತು. ಈ ಸಲ ನಾನು ಅವಳ ಪಕ್ಕಕ್ಕೆ ಹೋಗಿ ನಿಂತೆ.

"ನಾನು, ಅಮ್ಮ. ನಾನೇ ತಪ್ಪು ಹೇಳಿಕೊಟ್ಟಿದ್ದು. ಇವಳು ಮೊದಲಿಂದ ಸರಿಯಾಗೇ ಹಾಡ್ತಿದ್ಲು."

ನೋಡೋಕೆ ಓದಿದವನ ಹಾಗೆ ಕಾಣ್ತೀಯ ಅಂತ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಾಣಿಶ್ರೀಯ ಭುಜ ಅಲ್ಲಾಡಿತು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. ನಗುತ್ತ ನಗುತ್ತಲೇ ಅಕ್ಕಿಯ ಪಕ್ಕ ನೆಲದ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಆರೋಯ್ತು ಅಕ್ಕಿ ಅಂತ ಎತ್ತಿದಳು. ಹೆಂಗಸರು ಜೊತೆಗೂಡಿದರು. ಚೆಲುವರಾಜು ವ್ಯಾನಿನ ಬಾಗಿಲ ಮೇಲೆ ತಾಳ ಹಾಕಿದ. ಪಾಕ, ಬೆಲ್ಲದ ಸಾಲುಗಳನ್ನು ಅವರಿಂದ ಕೇಳಿ ಕಲಿತಳು, ಇನ್ನೊಂದು ಸಲ, ಮತ್ತೊಂದು ಸಲ. ಅಕ್ಕಿ ನಿಜವಾಗಿಯೂ ಆರಿಹೋಗುತ್ತದೆ ಅಂತ ನಂದಿತಾ ಬಂದು ಗದರಿಸಿ ಪಂಚೆಗಳನ್ನು ಎತ್ತಿಸಬೇಕಾಯಿತು.

ಪುಟ್ಟಮಾದಮ್ಮನವರಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಕೆ.ಆರ್. ನಗರದವಳಿಗೆ ತಮ್ಮೂರ ಪದ ಬಂದದ್ದೆಲ್ಲಿಂದ, ಇದು ಯಾರದು ಅಂತ ತಿಳಿದಿದೆಯಾ ಅಂತ ಕೇಳಿದರು. ವಾಣಿಶ್ರೀ ತಲೆಯೆತ್ತಿದಳು. ಯಾವ ಅಕ್ಷರವನ್ನೂ ತಪ್ಪಿಸಿಕೊಂಡು ಹೋಗಲಿಲ್ಲ, ಬಾಯಿಗೆ ಬಂದ ಹಾಗೇ ಹೇಳಿದಳು.

"ನಂದೇ ಕಣವ್ವ ಈ ಆಡು. ನಾನೇ ಆಡಿದ್ದು."

ಮುದುಕಿ ನಂಬಲಿಲ್ಲ. ಎಲ್ಲರೂ ಹಾಗೇ ಅನ್ನುತ್ತಾರೆ, ಮೊದಲು ಬಂದು ಇನ್ನೊಂದು ತೋಳಿನ ಅಳತೆ ತಗೋ ಅಂದರು.