ಏಳು ಅಂದ್ರೆ ಏಳೇ

ನಮ್ಮ ಚಿಕ್ಕಮ್ಮನಿಗೆ ಗ್ರಂಥಾಲಯದಲ್ಲಿ ಕೆಲಸ. ಅಲ್ಲಿ ಬಾಗಿಲ ಪಕ್ಕ, ನೆಲದ ಮೇಲೆ, ಗೋಡೆಗೆ ಒರಗಿಸಿದ ಕಪ್ಪು ಹಲಗೆಯೊಂದಿತ್ತು. ದಿನಾ ಬೆಳಿಗ್ಗೆ ಕುಕ್ಕರುಗಾಲಲ್ಲಿ ಕೂತು 'ಈ ದಿನ, ನಮ್ಮ ರಾಜ್ಯದಲ್ಲಿ' ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಮೊದಲ ರೈಲು ಬಂದದ್ದು, ಹೆಂಗಸರು ಮೊದಲ ಸಲ ಓಟು ಹಾಕಿದ್ದು, ಹೀಗೆ ಒಂದೊಂದು ತಾರೀಖಿಗೂ ಚೀಟಿ ಮಾಡಿಟ್ಟಿದ್ದಳು. ಜೂನ್ ಆರಕ್ಕಂತೂ ಮೂರು ಚೀಟಿ. ಏಳಕ್ಕೆ ಮಾತ್ರ ಒಂದೂ ಇಲ್ಲ. ಆ ದಿನ ರಾಜ್ಯವೆಲ್ಲ ಮುಸುಕು ಹೊದ್ದು ಮಲಗಿತ್ತೋ ಏನೋ!

ಹೊಸದಾಗಿ ಬಂದ ಅಧಿಕಾರಿ, "ಈ ಸಲವೂ ಏಳನೇ ತಾರೀಖು ಖಾಲಿ ಬಿಟ್ರೆ ಹಲಗೆ ತೆಗೆಸಿಬಿಡ್ತೀನಿ ಮೇಡಂ," ಎಂದುಬಿಟ್ಟರು. ಇಪ್ಪತ್ತೆರಡು ವರ್ಷದ ಹಲಗೆ! ಚಿಕ್ಕಮ್ಮನಿಗೆ ಊಟ ಸೇರಲಿಲ್ಲ. ಹಳೆಯ ಪೇಪರಿನ ಕಟ್ಟುಗಳನ್ನೆಲ್ಲ ಜಾಲಾಡಿದಳು. ಊಹೂಂ.

ಆರನೇ ತಾರೀಖು ಬಂದೇಬಿಟ್ಟಿತು. ಎಂದಿನಂತೆ 'ದೊಡ್ಡ ಸೇತುವೆಯ ಮೇಲೆ ಮೊದಲ ಬಸ್ಸು ಓಡಿತು' ಎಂದು ಬರೆದಳು. ಆ ಬಸ್ಸು ಓಡಿಸಿದವನು ನಮ್ಮ ಚಿಕ್ಕಪ್ಪನೇ. ಮಾತು ಕಡಿಮೆ, ತುಂಟತನ ಜಾಸ್ತಿ. ಪ್ರತಿ ವರ್ಷ ಅವತ್ತು ಊಟದ ಡಬ್ಬಿ ಕೊಡಲು ಬಂದವನು ಹಲಗೆ ಓದಿ, "ಏಳು ಕಣೇ," ಎನ್ನುತ್ತಿದ್ದ. "ಬರೆದಾಗ್ಲಿ ರೀ, ಏಳ್ತೀನಿ," ಎನ್ನುತ್ತಿದ್ದಳು ಇವಳು.

ಈ ವರ್ಷ ಮಂಡಿನೋವೆಂದು ಹಲಗೆಯನ್ನು ಮೇಲಕ್ಕೆ ತೂಗುಹಾಕಿಸಿದ್ದಳು. ಚಿಕ್ಕಪ್ಪ ಬಂದ, ಓದಿದ. "ಏಳು ಕಣೇ."

"ನಿಂತೇ ಇದೀನಲ್ರೀ! ಇನ್ನೆಲ್ಲಿಗೆ ಏಳ್ಲಿ?"

ಚಿಕ್ಕಪ್ಪ ಮೀಸೆಯಡಿಯಲ್ಲೇ ನಕ್ಕ. ಚಿಕ್ಕಮ್ಮನ ಕೈಯಿಂದ ಸೀಮೆಸುಣ್ಣ ಬಿತ್ತು. ಒಳಗೋಡಿ, ಸೇತುವೆಯ ಸುದ್ದಿಯಿದ್ದ ಪೇಪರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂದು ಆರೆಂದು ಓದಿಕೊಂಡ ಕನ್ನಡ ಅಂಕಿಯ ಬಾಲ ಮಾಸಿತ್ತು. ಅದು ಏಳು.

"ಬಿಡಿಸಿ ಹೇಳೋಕೆ ಏನು ರೋಗ ನಿಮಗೆ?"

"ಹೇಳ್ತಾನೇ ಇದ್ನಲ್ಲ. ನೀನೇ ಎದ್ದೆದ್ದು ಹೋಗ್ತಿದ್ದೆ."

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು, ನಾಚಿಕೆಯಂತೂ ಹೇಳತೀರದು. ಮಾರನೆಯ ಬೆಳಿಗ್ಗೆ ದಪ್ಪಕ್ಷರದಲ್ಲಿ ಬರೆದಳು: 'ದೊಡ್ಡ ಸೇತುವೆಯ ಮೇಲೆ ಮೊದಲ ಬಸ್ಸು ಓಡಿದ್ದು ಈ ದಿನ. ಇಷ್ಟು ವರ್ಷ ಆರು ಎಂದು ಬರೆದದ್ದು ನನ್ನ ತಪ್ಪು. ಡ್ರೈವರು ಸರಿಯಾಗಿಯೇ ಹೇಳುತ್ತಿದ್ದರು.'

ಅಧಿಕಾರಿ ಓದಿ ಗೊಳ್ಳೆಂದು ನಕ್ಕರು. "ಇರ್ಲಿ ಬಿಡಿ ಮೇಡಂ ಹಲಗೆ," ಎಂದು ಒಳಗೆ ಹೋದರು. ಜೀವ ಬಂದಂತಾಗಿ ಚಿಕ್ಕಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಡಬ್ಬಿ ಕೊಡಲು ಬಂದ ಚಿಕ್ಕಪ್ಪ ಹಲಗೆಯನ್ನು ಎರಡೆರಡು ಸಲ ಓದಿದ, ಕನ್ನಡಕ ತೆಗೆದು ಒರೆಸಿಕೊಂಡ, ಆಮೇಲೆ ಅವಳತ್ತ ಕೈ ಚಾಚಿದ.

"ಏಳು ಕಣೇ."

"ಯಾವ ಏಳು?" ಎಂದು ಕೇಳಿಕೊಂಡೇ ಚಿಕ್ಕಮ್ಮ ಅವನ ಕೈ ಹಿಡಿದಳು.