ಹಂಡೆ ನೀರು, ಸೋಲಾರ್ ನೀರು

ಹೊಟ್ಟೆಕಿಚ್ಚಿಗೆ ನೀರು ಕಾಯುವಂತಿದ್ದರೆ ಆ ವರ್ಷ ನಮ್ಮ ಮನೆಗೆ ಕಟ್ಟಿಗೆಯೇ ಬೇಕಾಗುತ್ತಿರಲಿಲ್ಲ. ಕಿಚ್ಚು ನನ್ನದು. ಅದು ಹತ್ತಿದ್ದು ನನ್ನ ನೆಗೆಣ್ಣಿಯ ಮೇಲೆ, ಅಂದರೆ ಮೈದುನನ ಹೆಂಡತಿಯ ಮೇಲೆ. ಅವಳು ನನಗೆ ಒಂದು ಕೆಟ್ಟ ಮಾತನ್ನೂ ಆಡಿದವಳಲ್ಲ. ಆಡಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ನಾವಿದ್ದದ್ದು ಕಂಪ್ಲಿಯಲ್ಲಿ, ಮಾವ ಬಿಟ್ಟುಹೋದ ಮಾಳಿಗೆ ಮನೆಯಲ್ಲಿ. ಎರಡು ಮೊಳ ದಪ್ಪದ ಗೋಡೆ, ಜಂತೆಗಳ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ನೀರು ಇಳಿಯದಂತೆ ಮೇಲೆ ಚವುಳು ಮಣ್ಣು ಹಾಕಿಸಿದರೆ ವರ್ಷವಿಡೀ ಚಿಂತೆಯಿಲ್ಲ. ಬೇಸಿಗೆಗೆ ತಣ್ಣಗೆ, ಚಳಿಗೆ ಬೆಚ್ಚಗೆ. ಬಚ್ಚಲಲ್ಲಿ ಒಂದು ತಾಮ್ರದ ಹಂಡೆ. ನಮ್ಮವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು, ಹಾಗಾಗಿ ಒಲೆಗೆ ಭತ್ತದ ಹೊಟ್ಟಿಗೆ ಬರವಿರಲಿಲ್ಲ. ಹಂಡೆಗೂ ಗೋಡೆಗೂ ನಡುವಿನ ಸಂದಿಗೆ ನಾನೇ ಬೂದಿ, ಮಣ್ಣು ಕಲಸಿ ತುಂಬಿದ್ದೆ. ಬಾಯಿಗೆ ಹಲಗೆ ಮುಚ್ಚಿ, ಮೇಲೆ ಗೋಣಿಚೀಲ ಹೊದಿಸುತ್ತಿದ್ದೆ. ಬೆಳಿಗ್ಗೆ ಕಾಯಿಸಿದ ನೀರು ಸಂಜೆ ಮುಖ ತೊಳೆಯುವಾಗಲೂ ಬೆಚ್ಚಗಿರುತ್ತಿತ್ತು. ಓಣಿಯಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ನಮ್ಮ ಹಂಡೆಯ ನೀರು ಕೇಳಿಕೊಂಡು ಬರುತ್ತಿದ್ದರು. ನನಗೆ ಒಡವೆಯಿಲ್ಲ, ತವರಿನ ಬಲವಿಲ್ಲ. ಹೇಳಿಕೊಳ್ಳಲು ಇದ್ದದ್ದು ಆ ಹಂಡೆಯೊಂದೇ.

ಆಗ ಸಂಡೂರಿನ ಗಣಿಗಳ ಕಾಲ. ಮೈದುನ ಒಂದು ಲಾರಿ ಬಿಟ್ಟ. ಒಂದು ಹೋಗಿ ಮೂರಾದವು, ಹೊಸಪೇಟೆಯಲ್ಲಿ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲೇ ಆರ್‌ಸಿಸಿ ಮನೆ ಎದ್ದಿತು. ಮನೆ ನೋಡಿ ನನಗೇನೂ ಆಗಲಿಲ್ಲ ಎಂದರೆ ಸುಳ್ಳು. ಆದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಮಾತ್ರ ಅವರ ಬಚ್ಚಲಲ್ಲಿ. ಗೃಹಪ್ರವೇಶದ ದಿನ ಬಂದ ನೆಂಟರೆಲ್ಲ ದೇವರ ಕೋಣೆ ಬಿಟ್ಟು ಬಚ್ಚಲ ಮುಂದೆ ಸಾಲು ನಿಂತಿದ್ದರು. ಮಾಳಿಗೆಯ ಮೇಲೆ ಸೋಲಾರ್ ಕೂರಿಸಿದ್ದರು. ನಲ್ಲಿ ತಿರುವಿದರೆ ಕುದಿಯುವ ನೀರು. ಅತ್ತೆ ಕೈ ಒಡ್ಡಿ, ಸುಟ್ಟಂತಾಗಿ ಹಿಂದಕ್ಕೆ ತೆಗೆದುಕೊಂಡು ನಕ್ಕರು.

"ಒಲಿ ಇಲ್ಲ, ಹೊಗಿ ಇಲ್ಲ. ಸೂರ್ಯಪ್ಪ ತಾನ ನೀರು ಕಾಸಿ ಕೊಡ್ತಾನ ನೋಡವಾ," ಎಂದರು.

ಹದಿನೆಂಟು ವರ್ಷ ನಾನು ಹೊಗೆ ಕುಡಿದು ಕಾಯಿಸಿದ ನೀರಿನಲ್ಲಿ ಮಿಂದವರು ಅವರು. ನೀರು ಚೆನ್ನಾಗಿ ಕಾದಿದೆ ಎಂದು ಒಂದು ದಿನವೂ ಅಂದದ್ದು ನನಗೆ ನೆನಪಿಲ್ಲ.

ಆ ಮಾಗಿಯಲ್ಲಿ ನಾದಿನಿಯ ಚೊಚ್ಚಲ ಹೆರಿಗೆ. ಅವಳನ್ನು ಹತ್ತಿರದ ಮೆಟ್ರಿ ಊರಿಗೆ ಕೊಟ್ಟಿತ್ತು. ಬಾಣಂತನ ತವರಿನಲ್ಲಿ, ತವರೆಂದರೆ ಹಿರಿಯಣ್ಣನ ಮನೆ, ಅಂದರೆ ನನ್ನ ಬಚ್ಚಲು. ನಾನು ಎರಡು ಕೌದಿ ಹೊಲಿದಿಟ್ಟೆ, ಮೂಲೆಯ ಕೋಣೆಗೆ ಸುಣ್ಣ ಬಳಿಸಿದೆ. ಒಂದು ಸಂಜೆ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು:

"ಬಾಣಂತನ ಹೊಸಪ್ಯಾಟ್ಯಾಗ ಆಗ್ಲಿ. ಅಲ್ಲಿ ತಿರುವಿದ್ರ ನೀರು ಬರ್ತಾವ. ನೀನರ ಎಷ್ಟಂತ ಒಲಿ ಊದ್ತಿ?"

ನನಗೆ ಉಪಕಾರ ಮಾಡುವ ಧಾಟಿ. "ಆಗ್ಲಿ ಬಿಡ್ರಿ," ಎಂದು ಎದ್ದುಹೋಗಿ ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿದೆ. ಕೈಲಾಗದವರು ಮೈ ಪರಚಿಕೊಂಡರಂತೆ. ನಾನು ಹಂಡೆ ಪರಚಿದೆ.

ಕೂಸಿಗೆ ಹದಿನೈದು ದಿನವಾದಾಗ ನೋಡಲು ಹೋದೆ. ನಾದಿನಿ ಮೆಲ್ಲಗೆ ದೂರು ಹೇಳಿದಳು: "ವೈನಿ, ಈಗೀಗ ನೀರು ಮೊದಲಿನಂಗ ಕಾಯವಲ್ವು. ಬಿಸಿ ಬೆನ್ನಿಗೆ ಹತ್ತಂಗಿಲ್ಲ." ನನ್ನ ಕಿವಿ ನಿಮಿರಿತು. ಮಧ್ಯಾಹ್ನ ಊಟ ಮಾಡಿ ಎಲ್ಲರೂ ಮಲಗಿದ್ದಾಗ ನಾನು ಮಾಳಿಗೆ ಹತ್ತಿದೆ. ಸೋಲಾರ್ ಇದ್ದದ್ದು ಮೆಟ್ಟಿಲ ಕೋಣೆಯ ನೆತ್ತಿಯ ಮೇಲೆ. ಸೀರೆ ಎತ್ತಿಕಟ್ಟಿ ಕಬ್ಬಿಣದ ಏಣಿಯನ್ನೂ ಏರಿದೆ. ಒಳ್ಳೆಯದಕ್ಕೆ ಏರಿದ್ದಲ್ಲ. ಅದರಲ್ಲೊಂದು ಐಬು ಕಣ್ಣಾರೆ ಕಾಣಬೇಕಿತ್ತು ನನಗೆ.

ಕಂಡಿತು. ಗಾಜಿನ ತುಂಬ ಅದಿರಿನ ಧೂಳು, ಕೆಮ್ಮಣ್ಣು ಸಾರಿಸಿದ ಅಂಗಳದ ಹಾಗೆ. ಅವರ ಲಾರಿಗಳದೂ ಸೇರಿ ಇಡೀ ರಸ್ತೆಯ ಧೂಳು. ತೋರುಬೆರಳಿನಿಂದ ಒಂದು ಗೇಣುದ್ದ ಗೆರೆ ಎಳೆದೆ. ಕೆಳಗೆ ಕಪ್ಪು ಗಾಜು ಮಿಂಚಿತು. ಬಿಸಿಲಿಗೆ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಕಾದಷ್ಟು ನೀರೂ ಬರಿಮೈಯ ಪೈಪಿನಲ್ಲಿ ಮಾಗಿಯ ಗಾಳಿಗೆ ಮೈಯೊಡ್ಡಿಕೊಂಡು ಬಚ್ಚಲಿಗಿಳಿಯುತ್ತಿತ್ತು. ಹಂಡೆಗೆ ಗೋಣಿ ಹೊದಿಸಿದವಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಒಂದು ಒದ್ದೆ ಬಟ್ಟೆ, ನಾಲ್ಕು ಗೋಣಿಚೀಲ, ಇಷ್ಟೇ ಅದರ ಔಷಧ.

ಬೆರಳನ್ನು ಸೀರೆಯ ಒಳನೆರಿಗೆಗೆ ಒರೆಸಿಕೊಂಡು ಕೆಳಗಿಳಿದೆ. ನೆಗೆಣ್ಣಿ ಕೊಟ್ಟ ಚಹಾ ಕುಡಿದೆ. ಯಾರಿಗೂ ಏನೂ ಹೇಳಲಿಲ್ಲ. ಕಂಪ್ಲಿ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಎಷ್ಟೋ ತಿಂಗಳ ಮೇಲೆ ಮನಸ್ಸಿಗೆ ಹಿತವೆನಿಸಿತು.

ಇನ್ನು ಅವರು ನನ್ನ ಹಂಡೆಗೆ ಬಂದೇ ಬರುತ್ತಾರೆಂದು ಕಾದೆ. ಬಾಗಿಲ ಮುಂದೆ ಆಟೋ ನಿಂತ ಸದ್ದಾದರೆ ಎದ್ದು ನೋಡುತ್ತಿದ್ದೆ. ಗಿರಣಿಯ ಫೋನಿಗೆ ಸುದ್ದಿ ಬರುತ್ತಿತ್ತು. ಸೋಲಾರ್ ರಿಪೇರಿಯವನು ಬಂದು, ಕೆಳಗೆ ನಿಂತೇ ತಲೆಯೆತ್ತಿ ನೋಡಿ, ಚಳಿಗಾಲದಾಗ ಇಷ್ಟರಿ, ಕರೆಂಟಿನ ಕಾಯಿಲ್ ಹಾಕಿಸ್ರಿ ಅಂದನಂತೆ. ಬೆಳಗಿನ ಹೊತ್ತು ಕರೆಂಟೇ ಇರುತ್ತಿರಲಿಲ್ಲ. ಆದರೂ ಅವರು ಬರಲಿಲ್ಲ. ನೆಗೆಣ್ಣಿ ಗ್ಯಾಸಿನ ಮೇಲೆ ಕೊಳಗದಲ್ಲಿ ನೀರು ಕಾಯಿಸಿ, ಅಡುಗೆಮನೆಯಿಂದ ಬಚ್ಚಲಿಗೆ ಹೊರುತ್ತಿದ್ದಳು. ದಿನಕ್ಕೆ ಏಳೆಂಟು ಸಲ, ಆ ನುಣುಪು ಟೈಲ್ಸಿನ ಮೇಲೆ.

ಒಂದು ಮಧ್ಯಾಹ್ನ ನಮ್ಮವರು ಊಟಕ್ಕೆ ಕೂತು ಹೇಳಿದರು: "ಕೊಳಗ ಜಾರಿತಂತ. ಬಲಗೈ ಮೊಣಕೈ ತನಕ ಸುಟ್ಟೈತಂತ. ದೊಡ್ಡ ದೊಡ್ಡ ಗುಳ್ಳಿ ಎದ್ದಾವಂತ."

ನನಗೆ ಮೊದಲು ಹೊಳೆದದ್ದನ್ನು ಬರೆದುಬಿಡುತ್ತೇನೆ: ಇನ್ನು ಬಾಣಂತಿ ಇಲ್ಲಿಗೇ ಬರಬೇಕು. ಅದು ಹೊಳೆದ ಮರುಗಳಿಗೆಗೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರಿಗೆ ಮಜ್ಜಿಗೆ ಬಡಿಸುವುದನ್ನೂ ಮರೆತು ಸೀರೆ ಬದಲಿಸಿದೆ. ಗಿರಣಿಯಿಂದ ತಂದಿದ್ದ ಗೋಣಿಚೀಲಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನೆಗೆಣ್ಣಿ ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಎಡಗೈಯಲ್ಲೇ ನನಗೆ ನೀರು ತಂದುಕೊಟ್ಟು, "ಎಡಗೈಲೆ ಕೊಟ್ಟೆ ಅಂತ ತಪ್ಪು ತಿಳ್ಕೋಬ್ಯಾಡ್ರಿ ಅಕ್ಕ," ಎಂದಳು. ನಾನು ಆ ನೀರನ್ನು ಹಾಗೆಯೇ ಕೆಳಗಿಟ್ಟೆ.

"ಸೋಲಾರ್ ಒಮ್ಮಿ ನೋಡೂಣು ನಡಿ," ಎಂದೆ.

ನೀನು ಹತ್ತಬೇಡ ಎಂದು ನಾನೆಂದರೂ ಕೇಳದೆ, ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಏಣಿ ಹಿಡಿದು ನನ್ನ ಹಿಂದೆಯೇ ಏರಿದಳು. ಗಾಜು ಕಂಡು, "ಅಯ್ಯ, ಇಷ್ಟು ಧೂಳಾ," ಎಂದಳು. ಗಾಜಿನ ನಡುವೆ ನಾನು ಎಳೆದ ಗೆರೆ ಹಾಗೆಯೇ ಇತ್ತು. ಮೇಲೆ ಹೊಸ ಧೂಳು ಕೂತಿತ್ತು, ಆದರೆ ಗೆರೆ ತುಂಬಿರಲಿಲ್ಲ. ಅವಳು ಬಾಗಿ ಅದರ ಮಗ್ಗುಲಲ್ಲಿ ತನ್ನ ಎಡಗೈ ಬೆರಳನ್ನಿಟ್ಟು ನೋಡಿದಳು.

"ಇಲ್ಲಿಗೆ ಯಾರೂ ಹತ್ತಂಗಿಲ್ಲಲ್ರಿ," ಎಂದಳು.

"ಕಾಗಿ ಕುಂತಿರಬೇಕು," ಎಂದೆ.

ಅವಳು ನನ್ನ ಮುಖ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ. ಲಾರಿಗಳು ಹೋಗುತ್ತಲೇ ಇದ್ದವು.

"ಕಾಗಿನ ಇರಬೇಕು ಬಿಡ್ರಿ," ಎಂದು ಹೆಗಲ ಮೇಲಿನ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. "ಒರಸ್ರಿ."

ನಾನು ಗಾಜು ಒರೆಸಿದೆ. ಪೈಪಿಗೆ ಉದ್ದಕ್ಕೂ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಅವಳು ಎಡಗೈಯಲ್ಲಿ ಹುರಿ ಹಿಡಿದಳು. ಮರುದಿನ ಬಿಸಿಲು ಕಾದು, ಅದರ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ಹೊಗೆಯಾಡುವ ನೀರು ಬಂತು. ನಾದಿನಿಗೆ ನಾನೇ ಎರೆದೆ. ಹೊರಗೆ ನೆಗೆಣ್ಣಿ, ಬಾಣಂತನಕ್ಕೆಂದು ಅಲ್ಲೇ ಉಳಿದಿದ್ದ ಅತ್ತೆಗೆ ಹೇಳುವುದು ಕೇಳಿಸಿತು: "ಅಕ್ಕಗ ಬಿಟ್ರ ಯಾರಿಗೂ ತಿಳಿದಿರಲಿಲ್ಲರಿ. ಅವ್ರು ಬಂದ ದಿನಾನ ಕಂಡುಹಿಡಿದ್ರು."

ಬಂದ ದಿನಾನ ಎಂದಳು, ಯಾವ ಸಲ ಬಂದ ದಿನ ಎಂದು ಮಾತ್ರ ಬಿಡಿಸಿ ಹೇಳಲಿಲ್ಲ. ಅತ್ತೆ ಅಂದು ಮೊದಲ ಸಲ ನನ್ನನ್ನು ಹೊಗಳಿದರು. ನಾನು ಕೇಳಬೇಕೆಂದು ಹದಿನೆಂಟು ವರ್ಷ ಕಾದ ಮಾತು, ಕಿವಿಗೆ ಬಿದ್ದಾಗ ಬೇಡವಾಗಿತ್ತು.

ಮುಂದೆ ಗಣಿಗಳು ನಿಂತವು, ಲಾರಿಗಳನ್ನು ಮಾರಿದರು. ಲಾರಿಗಳ ಮೇಲಿನ ನನ್ನ ಹೊಟ್ಟೆಕಿಚ್ಚು ಲಾರಿಗಳ ಜೊತೆಗೇ ಹೋಯಿತು, ಮನೆಯ ಮೇಲಿನದೂ ಹಳತಾಯಿತು. ಹಬ್ಬಕ್ಕೆ ಹೋದಾಗ ಅವಳು ನನಗೆ ರೊಟ್ಟಿ ಬಡಿಸುತ್ತಾಳೆ, ತೋಳಿನ ಆ ಸುಟ್ಟ ಕಲೆ ನನ್ನ ತಟ್ಟೆಯ ಮೇಲೆ ಬಾಗುತ್ತದೆ. ಅಂದು ಗಾಜಿನ ಮೇಲೆ ಕಂಡದ್ದನ್ನು ಅವಳು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ. ನಾನಾಗಿದ್ದರೆ ಅದೇ ಮಾಳಿಗೆಯ ಮೇಲಿಂದ ಓಣಿಗೆಲ್ಲ ಕೂಗಿ ಹೇಳುತ್ತಿದ್ದೆ. ಅವಳ ಆ ಗುಣವೊಂದರ ಮೇಲೆ ಮಾತ್ರ ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.